ಪ್ಲಗ್ಗಮ್ಮ ಆರಿಸಿದ ಕಂಪ್ಯೂಟರ್

ಅವಳಿಗೆ ಆ ಹೆಸರಿಟ್ಟವರು ಕೆಳಗಿನ ಮನೆಯ ಮಕ್ಕಳು. ಕೆಲಸಕ್ಕೆ ಹೊರಡುವ ಮೊದಲು ಅವಳು ಮನೆಯ ಪ್ಲಗ್‌ಗಳನ್ನೆಲ್ಲ ಒಂದೊಂದಾಗಿ ಕೀಳುತ್ತಿದ್ದಳು. ಟೀವಿಯದು, ಫೋನ್ ಚಾರ್ಜರಿನದು, ನೀರು ಕಾಯಿಸುವ ಕೆಟಲಿನದು. ಫ್ರಿಜ್ ಒಂದನ್ನು ಬಿಟ್ಟಿರುತ್ತಿದ್ದಳು, ಅದೂ ಅತ್ತೆಯ ಬಾಯಿಗೆ ಹೆದರಿ. ಮೂರು ಮಹಡಿ ಇಳಿದ ಮೇಲೂ ಅನುಮಾನ ಬಿಡದೆ ಮತ್ತೆ ಹತ್ತಿ ಬಂದು ನೋಡುತ್ತಿದ್ದಳು, ಕೆಲವು ದಿನ ಎರಡೆರಡು ಸಲ. ಮೆಟ್ಟಿಲ ಮೇಲೆ ಆಡುತ್ತಿದ್ದ ಮಕ್ಕಳು "ಪ್ಲಗ್ಗಮ್ಮ ಬಂದ್ರು, ದಾರಿ ಬಿಡ್ರೋ" ಅನ್ನುತ್ತಿದ್ದವು. ಅವಳೂ ನಗುತ್ತಿದ್ದಳು. ಆದರೆ ಬಾಗಿಲ ಚಿಲಕ ಹಿಡಿಯುವ ಹೊತ್ತಿಗೆ ಅಂಗೈ ಒದ್ದೆಯಾಗಿರುತ್ತಿತ್ತು.

ಹನ್ನೊಂದು ವರ್ಷದ ಹಿಂದೆ ಅವಳು ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಇಸ್ತ್ರಿ ಹಾಕುವ ಕೆಲಸದಲ್ಲಿದ್ದಳು. ಒಂದು ಮಧ್ಯಾಹ್ನ ಅಲ್ಲಿ ಬೆಂಕಿ ಬಿತ್ತು. ಹಿಂಬದಿಯ ಕಬ್ಬಿಣದ ಮೆಟ್ಟಿಲಿಂದ ಇಳಿದು ಬಂದ ಅವಳ ಮೈಮೇಲೆ ಒಂದು ಗುಳ್ಳೆಯೂ ಎದ್ದಿರಲಿಲ್ಲ. ಬಂದು ನೋಡಿದವರೆಲ್ಲ ನಿನ್ನ ಆಯಸ್ಸು ಗಟ್ಟಿ ಅಂದರು. ಆಮೇಲೆ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸಕ್ಕೆ ಸೇರಿದಳು. ಒಗೆದು ಒಣಗಿ ಬಂದ ಹಾಸು ಹೊದಿಕೆಗಳನ್ನು ಮಡಿಸಿ ವಾರ್ಡಿನ ಪ್ರಕಾರ ಜೋಡಿಸಿಡಬೇಕು. ಅಲ್ಲಿ ಇಸ್ತ್ರಿ ಪೆಟ್ಟಿಗೆ ಇರಲಿಲ್ಲ, ಅದಕ್ಕೇ ಆ ಕೆಲಸ ಒಪ್ಪಿದ್ದು.

ಗಂಡನದು ಹಡಗಿನ ಅಡುಗೆಮನೆಯ ಚಾಕರಿ, ವರ್ಷದಲ್ಲಿ ಎರಡು ತಿಂಗಳು ಮನೆಯಲ್ಲಿದ್ದರೆ ಹೆಚ್ಚು. ಮಿಕ್ಕ ಹತ್ತು ತಿಂಗಳು ಆ ಎರಡು ಕೋಣೆಯ ಮನೆಯಲ್ಲಿ ಅವಳು ಮತ್ತು ಅತ್ತೆ, ಇಬ್ಬರೇ. ಅತ್ತೆಗೆ ಅರವತ್ತೆಂಟು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಒಂದೇ ಕುರ್ಚಿಯಲ್ಲಿ ಕೂತು, ಯಾರ್ಯಾರಿಗೋ ಯಾವ್ಯಾವುದೋ ದೇಶದ ಊರಿನ ಲೈನು ಕೊಟ್ಟು ನಿವೃತ್ತಿಯಾದವರು. ಸೊಸೆ ಕಿತ್ತಿಟ್ಟು ಹೋದ ಟೀವಿಯ, ಕೆಟಲಿನ ಪ್ಲಗ್ಗುಗಳನ್ನು, ಅವಳು ಹೊಸಿಲು ದಾಟಿದ್ದೇ ತಡ, ಮತ್ತೆ ಚುಚ್ಚುತ್ತಿದ್ದರು. ಸಂಜೆ ಅವಳು ಬರುವ ಹೊತ್ತಿಗೆ ಕಿತ್ತಿಡುತ್ತಿದ್ದರು. ಇದು ಇಬ್ಬರಿಗೂ ಗೊತ್ತಿತ್ತು. ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಅತ್ತೆ ಹೇಳಿದರು: "ನಂಗೊಂದು ಗೇಮಿಂಗ್ ಕಂಪ್ಯೂಟರ್ ಬೇಕು."

ಅವಳು ತಪ್ಪಾಗಿ ಕೇಳಿಸಿತು ಅಂದುಕೊಂಡಳು. "ಏನು ಬೇಕು?"

"ಗೇಮಿಂಗ್ ಕಂಪ್ಯೂಟರ್ ಕಣೇ. ಲಾರಿ ಓಡಿಸೋ ಆಟ ಇದೆಯಲ್ಲ, ಫೋನಲ್ಲಿ ಆಡಿ ಆಡಿ ಕಣ್ಣು ಹೋಯ್ತು. ಕೆಳಗಿನ ಮನೇಲಿ ದೊಡ್ಡ ಸ್ಕ್ರೀನ್ ಮೇಲೆ ನೋಡ್ದೆ. ಎಂಥ ರಸ್ತೆ, ಎಂಥ ಹಿಮ! ನಾನು ಲೈನು ಕೊಡ್ತಿದ್ದ ಊರುಗಳೆಲ್ಲ ಅದ್ರಲ್ಲಿದೆ. ಹೆಸರು ಮಾತ್ರ ಗೊತ್ತಿತ್ತು, ಮುಖ ನೋಡಿರ್ಲಿಲ್ಲ."

"ಅದು ಗಂಟೆಗಟ್ಟಲೆ ಉರೀಬೇಕಲ್ಲ, ಅತ್ತೆ."

"ಉರಿಯೋಕೆ ಅದೇನು ಒಲೆಯಾ? ಓಡತ್ತೆ ಅನ್ನು."

ಅವಳು ಎದ್ದು ಹೋಗಿ ಅಡುಗೆಮನೆಯ ಕಿಟಕಿ ತೆರೆದು ನಿಂತಳು. ದುಡ್ಡು ಅತ್ತೆಯದು, ಆಸೆ ಅತ್ತೆಯದು, ಬೇಡ ಅನ್ನಲು ತಾನ್ಯಾರು? ಅಂಗಡಿಗೆ ಜೊತೆಯಲ್ಲಿ ಹೋಗಿ, ಅದರ ಅಪಾಯವನ್ನೆಲ್ಲ ತಿಳಿದುಕೊಂಡು, ಅತ್ತೆಗೂ ನಾಲ್ಕು ಹೆದರಿಕೆ ಹುಟ್ಟಿಸಿ ಸುಮ್ಮನಾಗಿಸುವುದು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

ಕಂಪ್ಯೂಟರ್ ಅಂಗಡಿ ನೆಲಮಾಳಿಗೆಯಲ್ಲಿತ್ತು. ಇಳಿಯುವ ಮೆಟ್ಟಿಲು ಕಿರಿದು, ಹೊರಗೆ ಬರಲು ಬೇರೆ ದಾರಿಯಿಲ್ಲ. ಅದನ್ನು ಅವಳು ಮೊದಲು ನೋಡಿಕೊಂಡಳು. ಗೋಡೆಯುದ್ದಕ್ಕೂ ರಟ್ಟಿನ ಪೆಟ್ಟಿಗೆಗಳು, ಕೌಂಟರಿನ ಕೆಳಗೆ ಹಾವಿನ ಹಿಂಡಿನಂತೆ ವೈರುಗಳು. ಕನ್ನಡಕವನ್ನು ತಲೆಗೇರಿಸಿಕೊಂಡಿದ್ದ ದಪ್ಪ ಅಂಗಡಿಯವನು ಅತ್ತೆಯನ್ನು ನೋಡಿ, "ಮೊಮ್ಮಗನಿಗಾ, ಅಜ್ಜಿ?" ಅಂದ.

"ನಂಗೇ."

ಅವನು ಕನ್ನಡಕ ಕೆಳಗಿಳಿಸಿ ಇನ್ನೊಮ್ಮೆ ನೋಡಿದ. ಆಮೇಲೆ ಹುರುಪಿನಿಂದ ಒಂದೊಂದೇ ತೆಗೆದು ಕೌಂಟರಿನ ಮೇಲಿಟ್ಟ. "ಇದು ಪ್ರೊಸೆಸರ್. ಅಂದ್ರೆ, ಅಜ್ಜಿ, ನಮ್ಮ ಮಿದುಳು ಇದ್ದ ಹಾಗೆ..."

"ಮಿದುಳು ಗಿದುಳು ನಂಗಿದೆಯಪ್ಪ. ಲಾರಿ ಓಡತ್ತಾ ಹೇಳು."

ಓಡುತ್ತದೆ ಅಂದ. ಪ್ರೊಸೆಸರ್ ಕೂರುವ ಮದರ್‌ಬೋರ್ಡ್ ಅದಕ್ಕೆ ಹೊಂದಬೇಕು ಅಂದ. ಹೊಂದದಿದ್ದರೆ ಎಷ್ಟು ದುಡ್ಡು ಕೊಟ್ಟರೂ ಕೂರುವುದಿಲ್ಲ. ಹಿಮ ಹಿಮದಂತೆಯೇ ಕಾಣಬೇಕಾದರೆ ಗ್ರಾಫಿಕ್ಸ್ ಕಾರ್ಡ್ ಬೇಕು ಅಂತ, ಎರಡು ಫ್ಯಾನಿನ ಒಂದು ಉದ್ದದ ಕಪ್ಪು ವಸ್ತು ತೋರಿಸಿದ. ಅತ್ತೆ ಅದನ್ನು ಕೂಸಿನಂತೆ ಎತ್ತಿಕೊಂಡರು. ಅತ್ತೆ ಇಟ್ಟುಕೊಂಡಿದ್ದ ಹಣದ ಮುಕ್ಕಾಲು ಪಾಲು ಅದೊಂದಕ್ಕೇ ಹೋಗುತ್ತಿತ್ತು. "ಪರವಾಗಿಲ್ಲ, ಮಿಕ್ಕಿದ್ದೆಲ್ಲ ಹೊಂದಿಸೋಣ," ಅಂದ ಅಂಗಡಿಯವ. "ಪವರ್ ಸಪ್ಲೈ ಅಂತೂ, ಇದನ್ನೆಲ್ಲ ಕೂರಿಸೋ ಈ ಕ್ಯಾಬಿನೆಟ್ ಜೊತೆ ಫ್ರೀ ಬರತ್ತೆ."

"ಪವರ್ ಸಪ್ಲೈ ಅಂದ್ರೆ?" ಅವಳು ಬಾಯಿ ತೆರೆದದ್ದು ಅದೇ ಮೊದಲು.

"ಗೋಡೆಯಿಂದ ಬರೋ ಕರೆಂಟು ಇದ್ರೊಳಗೆ ಹೋಗಿ ಎಲ್ಲಾ ಭಾಗಗಳಿಗೂ ಹಂಚ್ಕೊಂಡು ಹೋಗತ್ತೆ, ಅಕ್ಕ." ಅವನು ತಗಡಿನ ಚೌಕ ಡಬ್ಬಿಯೊಂದನ್ನು ಅವಳ ಕೈಗೆ ಕೊಟ್ಟ. ಅದು ಖಾಲಿ ಬಿಸ್ಕತ್ ಡಬ್ಬಿಯಷ್ಟು ಹಗುರವಾಗಿತ್ತು. ಇಡೀ ಯಂತ್ರದ ಕರೆಂಟು ಇಷ್ಟು ಹಗುರದ ಡಬ್ಬಿಯೊಳಗಿಂದ ಹಾಯಬೇಕು, ಅದರ ಪಕ್ಕದಲ್ಲಿ ಅತ್ತೆ ಗಂಟೆಗಟ್ಟಲೆ ಕೂತಿರಬೇಕು. ಅವಳು ಡಬ್ಬಿ ಕೆಳಗಿಟ್ಟು, "ಯೋಚನೆ ಮಾಡಿ ಬರ್ತೀವಿ," ಅಂತ ಅತ್ತೆಯ ತೋಳು ಹಿಡಿದು ಹತ್ತಿಸಿಕೊಂಡು ಬಂದಳು. ಬೀದಿಯ ಗಾಳಿ ಮುಖಕ್ಕೆ ತಾಗಿದ ಮೇಲೆಯೇ ಅವಳು ಸರಿಯಾಗಿ ಉಸಿರಾಡಿದ್ದು.

ಆಸ್ಪತ್ರೆಯಲ್ಲೊಬ್ಬ ಎಲೆಕ್ಟ್ರಿಷಿಯನ್ ಇದ್ದ. ನಿವೃತ್ತಿಗೆ ಹತ್ತಿರವಾದ, ಕಡಿಮೆ ಮಾತಿನ ಮನುಷ್ಯ. ಮಾರನೆಯ ದಿನ ಊಟದ ಹೊತ್ತಿಗೆ ಅವಳು ಅವನ ಕೋಣೆಯ ಬಾಗಿಲಲ್ಲಿ ನಿಂತಳು. "ಅಣ್ಣ, ಕಂಪ್ಯೂಟರಿನ ಪವರ್ ಸಪ್ಲೈಗೆ ಬೆಂಕಿ ಹತ್ತತ್ತಾ?"

ಹತ್ತುತ್ತೆ ಅಂತ ಅವನ ಬಾಯಿಂದಲೇ ಬರಲಿ, ಅದನ್ನು ಹಾಗೇ ಅತ್ತೆಗೆ ಮುಟ್ಟಿಸಿಬಿಡುತ್ತೇನೆ ಅನ್ನುವುದು ಅವಳ ಎಣಿಕೆ. ಅವನು ಊಟದ ಡಬ್ಬಿ ಮುಚ್ಚಿಟ್ಟು ಯೋಚಿಸಿದ.

"ಕೆಟ್ಟದಾದ್ರೆ ಹೊಗೆ ಬರಬಹುದು, ಸುಟ್ಟೂ ಹೋಗಬಹುದು. ಒಳ್ಳೇದಾದ್ರೆ ಏನಾದ್ರೂ ಹೆಚ್ಚುಕಡಿಮೆ ಆದ ತಕ್ಷಣ ತಾನೇ ಆಫ್ ಆಗತ್ತೆ, ಹಾಗೆ ಮಾಡಿರ್ತಾರೆ. ಮೇಲೆ ಬರೆದಿರೋ ವ್ಯಾಟ್ ನಂಬಬೇಡಮ್ಮ, ಯಾರು ಬೇಕಾದ್ರೂ ಬರೀಬಹುದು. ಪರೀಕ್ಷೆ ಆಗಿರೋ ಗುರುತಿದೆಯಾ, ಎಷ್ಟು ವರ್ಷ ವಾರಂಟಿ ಕೊಡ್ತಾನೆ, ಕೈಲಿ ತೂಕ ಎಷ್ಟಿದೆ, ಇಷ್ಟು ನೋಡು. ಬೇರೆ ಯಾವುದ್ರಲ್ಲಾದ್ರೂ ಚೌಕಾಸಿ ಮಾಡು, ಇದ್ರಲ್ಲಿ ಬೇಡ."

ಬೇಡ ಅನ್ನಲು ಕಾರಣ ಹುಡುಕಿ ಹೋದವಳಿಗೆ ಏನು ಬೇಕು ಅನ್ನುವುದು ಸಿಕ್ಕಿತ್ತು. ಆ ವಾರವಿಡೀ ಊಟದ ಬಿಡುವಿನಲ್ಲಿ ಫೋನು ಹಿಡಿದು ಓದಿದಳು. ಯಾವ ಭಾಗ ಎಷ್ಟು ಕರೆಂಟು ಎಳೆಯುತ್ತದೆ, ಯಾವುದು ಎಷ್ಟು ಬಿಸಿಯಾಗುತ್ತದೆ, ಗಾಳಿ ಎಲ್ಲಿಂದ ಒಳಗೆ ಹೋಗಿ ಎಲ್ಲಿಂದ ಹೊರಗೆ ಬರುತ್ತದೆ. ಬೇರೆಯವರು ಆಟದ ವೇಗ ನೋಡಿ ಆರಿಸುವ ವಸ್ತುಗಳನ್ನು ಅವಳು ಬಿಸಿ ನೋಡಿ ಆರಿಸಿದಳು. ಎಲ್ಲಕ್ಕಿಂತ ಹೆಚ್ಚು ಕರೆಂಟು ನುಂಗುವುದು ಆ ಎರಡು ಫ್ಯಾನಿನ ಕಾರ್ಡ್ ಎಂದು ತಿಳಿಯಿತು. ಗ್ರಾಫಿಕ್ಸ್ ತನ್ನೊಳಗೇ ಇರುವ ಪ್ರೊಸೆಸರುಗಳೂ ಇವೆ, ಅದಕ್ಕೆ ರ‍್ಯಾಮ್ ಅನ್ನುವ ನೆನಪಿನ ಪಟ್ಟಿ ಒಂದರ ಬದಲು ಎರಡು ಹಾಕಿದರೆ ಲಾರಿಯ ಆಟಕ್ಕೆ ತಕ್ಕಮಟ್ಟಿಗೆ ಸಾಕು ಎಂದೂ ತಿಳಿಯಿತು. ಕಾರ್ಡ್ ಬಿಟ್ಟರೆ ಉಳಿಯುವ ಹಣಕ್ಕೆ ಒಳ್ಳೆಯ ಪವರ್ ಸಪ್ಲೈ ಬರುತ್ತದೆ.

ಶನಿವಾರ ಸಂಜೆ ಇದನ್ನು ಹೇಳಿದಾಗ ಅತ್ತೆಯ ಮುಖ ಊದಿಕೊಂಡಿತು. "ಕಾರ್ಡ್ ಬಿಟ್ರೆ ಹಿಮ ಹಿಮದ ಥರ ಕಾಣಲ್ಲವಂತೆ."

"ಸ್ವಲ್ಪ ಮಸುಕಾಗಿ ಕಾಣತ್ತೆ, ಅತ್ತೆ. ಮುಂದೆ ಯಾವಾಗ್ಲಾದ್ರೂ ಕಾರ್ಡ್ ಹಾಕ್ಸಬಹುದು."

"ಮುಂದೆ ಅಂದ್ರೆ? ನಂಗೆ ಅರವತ್ತೆಂಟು ಕಣೇ! ಮಸುಕಾಗಿ ನೋಡೋಕೆ ನನ್ನ ಕಣ್ಣೇ ಇದೆ, ಕಂಪ್ಯೂಟರ್ ಬೇರೆ ಬೇಕಾ? ಅಂಗಡಿಯವನು ಫ್ರೀ ಕೊಡೋ ಡಬ್ಬಿ ಊರಿಗೆಲ್ಲ ಆಗತ್ತೆ, ನಿನಗೆ ಮಾತ್ರ ಆಗಲ್ಲ. ಟೀವಿ ಬೇಡ, ಚಾರ್ಜರ್ ಬೇಡ, ಒಂದು ಬಟ್ಟೆಗೆ ಇಸ್ತ್ರಿ ಹಾಕೋ ಹಾಗಿಲ್ಲ. ಹನ್ನೊಂದು ವರ್ಷ ಸಹಿಸ್ಕೊಂಡೆ. ನಿನ್ನ ಭಯದ ಜೊತೆ ನಾನೂ ಸಂಸಾರ ಮಾಡ್ಬೇಕಾ?"

ಅವಳು ಟವೆಲ್ ಮಡಿಸುತ್ತಿದ್ದಳು. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದಳು. ಆಮೇಲೆ ತಲೆಯೆತ್ತದೆ, ಗಂಡನಿಗೂ ಹೇಳದಿದ್ದುದನ್ನು ಹೇಳಿದಳು.

"ಆವತ್ತು ವಾಸನೆ ಮೊದಲು ಬಂದಿದ್ದು ನಂಗೆ, ಅತ್ತೆ. ಮೀನು ಕೆಟ್ಟ ಹಾಗೆ ಒಂಥರಾ ವಾಸನೆ. ನನ್ನ ಮೇಜಿನ ಕೆಳಗಿನ ಬೋರ್ಡಿಂದ. ಸೂಪರ್‌ವೈಸರಿಗೆ ಹೇಳ್ದೆ. ಅವನು, ಏನಿಲ್ಲ, ಹೊಸ ವೈರು, ಹೋಗಿ ಕೆಲಸ ನೋಡು ಅಂದ. ನಾನು ಹೋಗಿ ಕೆಲಸ ನೋಡ್ದೆ. ಗೋಡೆ ಗಡಿಯಾರ ಎದುರಿಗೇ ಇತ್ತು. ಹನ್ನೆರಡು ನಿಮಿಷ. ವಾಸನೆ ಬರ್ತಾನೇ ಇತ್ತು, ನಾನು ಇಸ್ತ್ರಿ ಹಾಕ್ತಾನೇ ಇದ್ದೆ. ಪಕ್ಕದಲ್ಲಿ ಗುಂಡಿ ಹೊಲಿಯೋ ಅಕ್ಕ ಇದ್ಲಲ್ಲ, ಹೊಗೆ ಕುಡಿದು ನಾಲ್ಕು ತಿಂಗಳು ನರಳಿ ಹೋದ್ಲಲ್ಲ... ಅವಳಿಗೂ ನಾನು ಹೇಳ್ಲಿಲ್ಲ. ಎದ್ದು ನಿಂತು ಒಂದು ಸಲ ಕೂಗಿದ್ದಿದ್ರೆ ಆಗ್ತಿತ್ತು. ಬೈಸ್ಕೋಬೇಕಾಗತ್ತೆ ಅಂತ ಕೂಗ್ಲಿಲ್ಲ."

ಅತ್ತೆ ಎದ್ದು ಬಂದು ಅವಳ ಕೈಯಿಂದ ಟವೆಲ್ ತೆಗೆದುಕೊಂಡು ಪಕ್ಕಕ್ಕಿಟ್ಟರು. "ನಾಳೆ ಹೋಗೋಣ," ಅಂದರು. "ಎಲ್ಲಾ ನೀನೇ ಆರಿಸು. ಕ್ಯಾಬಿನೆಟ್ಟಿನ ಬಣ್ಣ ಮಾತ್ರ ನಂದು."

ಮಾರನೆಯ ದಿನ ಅವಳು ನೆಲಮಾಳಿಗೆಗೆ ಚೀಟಿ ಹಿಡಿದು ಇಳಿದಳು. ಅಂಗಡಿಯವನು ಒಂದರ ಹಿಂದೊಂದು ಪವರ್ ಸಪ್ಲೈ ತಂದು ಕೊಟ್ಟ. ಅವಳು ತರಕಾರಿ ತೂಗುವವಳಂತೆ ಎರಡು ಕೈಯಲ್ಲಿ ಎರಡು ಹಿಡಿದು ನೋಡಿ, ಗುರುತು ಓದಿ, ವಾರಂಟಿ ಕೇಳಿ, ಐದನೆಯದಕ್ಕೆ ತಲೆಯಾಡಿಸಿದಳು. "ಅಕ್ಕ, ಇಷ್ಟು ವರ್ಷದಲ್ಲಿ ಬಂದವರೆಲ್ಲ ಕಾರ್ಡ್ ಕೇಳ್ತಾರೆ, ಬಣ್ಣದ ಲೈಟ್ ಕೇಳ್ತಾರೆ. ಇದನ್ನ ಇಷ್ಟು ಕೇಳಿದವರು ನೀವೇ ಮೊದಲು," ಅಂದ. ಹೊಗಳಿಕೆಯೋ ಬೇಸರವೋ ತಿಳಿಯಲಿಲ್ಲ. ಅತ್ತೆ ಕೆಂಪು ಕ್ಯಾಬಿನೆಟ್ ಆರಿಸಿದರು.

ಅಂಗಡಿಯವನು ಅವರೆದುರಿಗೇ ಎಲ್ಲವನ್ನೂ ಜೋಡಿಸಿದ. ಪ್ರೊಸೆಸರನ್ನು ಅದರ ಜಾಗದಲ್ಲಿಟ್ಟು ಸಣ್ಣ ಸರಳನ್ನು ಒತ್ತುವಾಗ ಕರ್ರ್ ಅಂತ ಸದ್ದಾಯಿತು. ಸ್ವಿಚ್ ಹಾಕುವ ಮೊದಲು ಅವಳು ಮೆಟ್ಟಿಲ ಹತ್ತಿರ ಹೋಗಿ ನಿಂತಳು, ಅತ್ತೆಯನ್ನೂ ಪಕ್ಕಕ್ಕೆ ಎಳೆದುಕೊಂಡಳು. ಏನೂ ಆಗಲಿಲ್ಲ. ಫ್ಯಾನು ತಿರುಗಿತು, ಸ್ಕ್ರೀನು ಬೆಳಗಿತು.

ಮನೆಯಲ್ಲಿ ಕಂಪ್ಯೂಟರನ್ನು ಕಿಟಕಿ ಪಕ್ಕದ ಮೇಜಿನ ಮೇಲಿಟ್ಟರು. ಕೆಟಲ್ ಹಾಕುತ್ತಿದ್ದ ಗೋಡೆಯ ಸಾಕೆಟ್ಟೇ ಅದಕ್ಕೆ ಹತ್ತಿರವಾಗಿತ್ತು. ಮೊದಲ ವಾರ ಅವಳು ಮನೆಯಲ್ಲಿರುವಾಗ ಮಾತ್ರ ಆಟ, ಅದೂ ಅರ್ಧ ಗಂಟೆ. ಅಷ್ಟಕ್ಕೆ ಅತ್ತೆ ಒಪ್ಪಿದ್ದರು. ಅತ್ತೆ ಲಾರಿ ಓಡಿಸುತ್ತಿದ್ದರೆ ಅವಳು ಕುರ್ಚಿ ಹಾಕಿಕೊಂಡು ಕ್ಯಾಬಿನೆಟ್ಟಿನ ಹಿಂದೆ ಕೂತು ಮೂಸುತ್ತಿದ್ದಳು. ಹೊಸ ಪ್ಲಾಸ್ಟಿಕ್ಕಿನ ವಾಸನೆಗೇ ಮೂರು ಸಲ ಹೆದರಿ ಪ್ಲಗ್ ಕಿತ್ತಳು. ಮೂರು ಸಲವೂ ಅತ್ತೆಯ ಲಾರಿ ನಡುರಸ್ತೆಯಲ್ಲಿ ಮಾಯವಾಯಿತು. ಅತ್ತೆ ಹಲ್ಲು ಕಚ್ಚಿ ಮತ್ತೆ ಮೊದಲಿಂದ ಹೊರಟರು.

ಎರಡನೆಯ ಭಾನುವಾರ ಮಧ್ಯಾಹ್ನ ಅತ್ತೆ ಮೊದಲ ಬಾರಿಗೆ ಎರಡು ಗಂಟೆ ಹೊತ್ತು ಆಡಿದರು. ಎಲೆಕ್ಟ್ರಿಷಿಯನ್ ಹೇಳಿಕೊಟ್ಟಂತೆ ಅವಳು ಹಿಂಗೈಯಿಂದ ಮೆಲ್ಲಗೆ ಮುಟ್ಟುತ್ತ ಬಂದಳು. ಕ್ಯಾಬಿನೆಟ್ ಬೆಚ್ಚಗಿತ್ತು, ಅಷ್ಟೇ. ಪವರ್ ಸಪ್ಲೈಯ ಹಿಂಬದಿಯ ಗಾಳಿ ಬೆಚ್ಚಗಿತ್ತು, ಅಷ್ಟೇ. ವೈರು ತಣ್ಣಗಿತ್ತು. ಕೊನೆಗೆ ಗೋಡೆಯ ಸಾಕೆಟ್ ಮುಟ್ಟಿದಳು.

ಅದು ಸುಡುತ್ತಿತ್ತು.

ಅವಳಿಗೆ ಜೀವ ಬಾಯಿಗೆ ಬಂತು. ಆದರೆ ಈ ಸಲ ಬಾಯಿಯೂ ತೆರೆಯಿತು. "ಅತ್ತೆ, ಏಳಿ! ಏಳಿ ಅಂದ್ರೆ ಏಳಿ!" ಆ ಕೂಗು ಕೆಳಗಿನ ಮನೆಗೂ ಕೇಳಿಸಿತು. ಅತ್ತೆಯನ್ನು ಬಾಗಿಲಾಚೆ ತಳ್ಳಿ, ಮೀಟರ್ ಪಕ್ಕದ ಮೇನ್ ಸ್ವಿಚ್ ಇಳಿಸಿ, ಮೆಟ್ಟಿಲ ಮೇಲೆ ಕುಸಿದು ಕೂತು ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿದಳು. ರಜೆಯಿದ್ದರೂ ಅವನು ಸೈಕಲ್ಲಿನಲ್ಲಿ ಬಂದ.

ಸಾಕೆಟ್ಟಿನ ಮುಚ್ಚಳ ಬಿಚ್ಚಿದಾಗ ಒಳಗೆ ಒಂದು ಬದಿ ಕಪ್ಪಗೆ ಕರಕಲಾಗಿತ್ತು. ಅವನು ಟಾರ್ಚು ಹಿಡಿದು ನೋಡಿ, ಕಂಪ್ಯೂಟರಿನ ಕಡೆಗೂ ಒಮ್ಮೆ ನೋಡಿದ. "ಅದ್ರದ್ದೇನೂ ತಪ್ಪಿಲ್ಲ. ಇದು ಇವತ್ತಿನ ಕಥೆ ಅಲ್ಲ, ವರ್ಷಗಳಿಂದ ಸುಡ್ತಾ ಬಂದಿದೆ. ಇಷ್ಟು ಹೊತ್ತು ಒಂದೇ ಸಮ ಏನಾದ್ರೂ ಹಾಕಿದ್ದು ಇದೇ ಮೊದಲೇನೋ, ಅದಕ್ಕೆ ಗೊತ್ತಾಗಿದೆ. ಒಳಗಿನ ಪಟ್ಟಿ ಪೂರಾ ಸಡಿಲ. ಇಲ್ಲಿ ಪ್ಲಗ್ ತುಂಬಾ ಹಾಕಿ ತೆಗೆದು ಮಾಡ್ತೀರಾ?"

ಅತ್ತೆ ಸೊಸೆಯ ಮುಖ ನೋಡಿದರು. ಅವಳೇ ಹೇಳಿದಳು: "ದಿನಾ, ಅಣ್ಣ. ಎಷ್ಟೋ ಸಲ."

"ಎಷ್ಟು ವರ್ಷದಿಂದ?"

"ಹನ್ನೊಂದು."

ಅವನಿಗೆ ಅರ್ಥವಾಯಿತೋ ಏನೋ, ಮುಂದೆ ಕೆದಕಲಿಲ್ಲ. "ಕೀಳಬೇಡಮ್ಮ. ಸ್ವಿಚ್ ಆಫ್ ಮಾಡಿದ್ರೆ ಸಾಕು. ಕಿತ್ತಷ್ಟೂ ಸಡಿಲ ಆಗತ್ತೆ, ಸಡಿಲ ಆದಷ್ಟೂ ಸುಡತ್ತೆ."

ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿ, ತನ್ನ ಎರಡು ಕೈಗಳನ್ನೂ ನೀರಿನ ಕೆಳಗೆ ಹಿಡಿದು ನಿಂತಳು. ಬೆಂಕಿ ಬರದಿರಲಿ ಅಂತ ದಿನವೂ ಮಾಡಿದ್ದೇ ಬೆಂಕಿಗೆ ಗೂಡು ಕಟ್ಟಿತ್ತು. ಅತ್ತೆಯನ್ನು ಈ ಸಾಕೆಟ್ಟಿನ ಪಕ್ಕದಲ್ಲಿ ಬಿಟ್ಟು ತಾನು ಇಷ್ಟು ವರ್ಷ ಕೆಲಸಕ್ಕೆ ಹೋಗಿದ್ದು ನೆನಪಾದಂತೆಲ್ಲ ನಲ್ಲಿಯನ್ನು ಇನ್ನಷ್ಟು ತಿರುಗಿಸಿದಳು. ಹೊರಗಿನಿಂದ ಅತ್ತೆ ಕರೆದರು: "ಬಾರೇ. ನಾನೂ ಚುಚ್ಚಿದ್ದೀನಲ್ಲ, ಅರ್ಧ ನಂದೂ ಇದೆ." ಅವಳಿಗೆ ಅಳುವಿನ ನಡುವೆಯೇ ನಗು ಬಂತು.

ಆ ವಾರ ಎಲೆಕ್ಟ್ರಿಷಿಯನ್ ಮನೆಯ ಸಾಕೆಟ್ಟುಗಳನ್ನೆಲ್ಲ ಬದಲಿಸಿದ. ಅವಳು ಪ್ಲಗ್ ಕೀಳುವುದನ್ನು ಬಿಡಬೇಕಾಯಿತು. ಬೆಂಕಿಗಿಂತ ಅದೇ ಕಷ್ಟವಾಯಿತು. ಸ್ವಿಚ್ ಆಫ್ ಮಾಡಿ, ಕೈಯನ್ನು ಬಗಲಲ್ಲಿ ಇಟ್ಟುಕೊಂಡು ಬಾಗಿಲವರೆಗೆ ನಡೆಯುತ್ತಿದ್ದಳು. ಬಸ್ಸಿನಲ್ಲಿ ಕೂತ ಮೇಲೆ ಬೆರಳುಗಳು ತಾವಾಗಿ ಏನನ್ನೋ ಕೀಳುವಂತೆ ಆಡುತ್ತಿದ್ದವು.

ತಿಂಗಳಾದ ಮೇಲೆ, ತಾನಿಲ್ಲದಾಗಲೂ ಅತ್ತೆ ಆಡಬಹುದು ಅಂತ ಒಪ್ಪಿದಳು. ಮೊದಲ ದಿನ ಬೆಳಿಗ್ಗೆ ಹೇಗೋ ಕಳೆಯಿತು. ಹನ್ನೊಂದೂವರೆಗೆ ಮಕ್ಕಳ ವಾರ್ಡಿನ ಹೊದಿಕೆ ಮಡಿಸುತ್ತಿದ್ದಾಗ ತಡೆಯಲಾರದೆ ಮನೆಗೆ ಫೋನ್ ಮಾಡಿದಳು. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮತ್ತೆ ಮಾಡಿದಳು. ಮೂವತ್ತೊಂದು ವರ್ಷ ಫೋನೇ ಜೀವನವಾಗಿದ್ದ ಅತ್ತೆ ಎರಡನೆಯ ರಿಂಗಿಗೆ ಎತ್ತದ ಕರೆಯಿರಲಿಲ್ಲ. ಐದು ಸಲ ಮಾಡಿದಳು. ಕೆಳಗಿನ ಮನೆಯವರೂ ಎತ್ತಲಿಲ್ಲ. ಮಡಿಸುತ್ತಿದ್ದ ಹೊದಿಕೆ ಕೈಯಿಂದ ಜಾರಿತು. ಜೊತೆಯವಳಿಗೆ ಏನೋ ಹೇಳಿ, ಚಪ್ಪಲಿ ಸರಿಯಾಗಿ ಮೆಟ್ಟದೆ ಓಡಿದಳು.

ಬಸ್ಸಿಗೆ ಕಾಯಲಿಲ್ಲ. ಸಿಗ್ನಲ್ ದಾಟುವಾಗ ಯಾರೋ ಬೈದರು. ಬೀದಿಯ ತಿರುವಿನಲ್ಲಿ ತಲೆಯೆತ್ತಿ ನೋಡಿದಳು; ಮೂರನೆಯ ಮಹಡಿಯ ಕಿಟಕಿಯಲ್ಲಿ ಹೊಗೆ ಇರಲಿಲ್ಲ. ಹೊಗೆಯಿಲ್ಲ ಅನ್ನುವುದನ್ನೂ ನಂಬಲಿಲ್ಲ. ಮೆಟ್ಟಿಲನ್ನು ಎರಡೆರಡಾಗಿ ಹತ್ತಿ, ಕೀಲಿಯನ್ನು ಎರಡು ಸಲ ತಪ್ಪು ತೂರಿಸಿ ಬಾಗಿಲು ತೆರೆದಳು.

ಅತ್ತೆ ಕಿವಿಗೆ ದೊಡ್ಡ ಹೆಡ್‌ಫೋನ್ ಏರಿಸಿಕೊಂಡು, ಮೂಗಿನ ತುದಿಯ ಮೇಲೆ ಕನ್ನಡಕವಿಟ್ಟುಕೊಂಡು ಲಾರಿ ಓಡಿಸುತ್ತಿದ್ದರು. ಅವಳು ನೆಟ್ಟಗೆ ಗೋಡೆಯ ಹತ್ತಿರ ಹೋಗಿ ಹಿಂಗೈಯಿಂದ ಸಾಕೆಟ್ ಮುಟ್ಟಿದಳು. ತಣ್ಣಗಿತ್ತು. ಇನ್ನೊಮ್ಮೆ ಮುಟ್ಟಿದಳು. ಆಗ ಅತ್ತೆ ನೆರಳು ಕಂಡು ಹೆಡ್‌ಫೋನ್ ಸರಿಸಿದರು.

"ಅಯ್ಯೋ, ಏನೇ ಇಷ್ಟು ಬೇಗ? ಮೈಗೆ ಹುಷಾರಿಲ್ವಾ?"

"ಫೋನ್... ಫೋನ್ ಯಾಕೆ ಎತ್ಲಿಲ್ಲ?" ಅವಳಿಗೆ ಏದುಸಿರು.

"ಗಾಡಿ ಓಡಿಸೋವಾಗ ಫೋನ್ ಎತ್ತಬಾರ್ದು ಅಂತ ಗೊತ್ತಿಲ್ವಾ ನಿಂಗೆ?"

ಅವಳು ಗೋಡೆಗೊರಗಿ ಹಾಗೇ ಜಾರಿ ನೆಲದ ಮೇಲೆ ಕೂತಳು. ಅತ್ತೆ ಅವಳ ಮುಖ ನೋಡಿ ಗಾಬರಿಯಾಗಿ, "ತಡಿ, ತಡಿ, ಪಕ್ಕಕ್ಕೆ ನಿಲ್ಸೋಕೆ ಜಾಗ ಸಿಗ್ಲಿ," ಅಂತ ಲಾರಿಯನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿ, ಎದ್ದು ಹೋಗಿ ನೀರು ತಂದುಕೊಟ್ಟರು. ಲೋಟ ಹಲ್ಲಿಗೆ ತಾಗಿ ಟಕಟಕ ಸದ್ದಾಯಿತು. ಅತ್ತೆ ಪಕ್ಕದಲ್ಲಿ ನೆಲದ ಮೇಲೆ ಕೂರಲು ಹೋಗಿ, ಮಂಡಿ ಒಪ್ಪದೆ, ಅವಳ ನೆತ್ತಿಯ ಮೇಲೆ ಕೈಯಿಟ್ಟು ನಿಂತರು.

"ಇನ್ಮೇಲೆ ಫೋನ್ ಇಲ್ಲೇ ಮೇಜಿನ ಮೇಲೆ ಇಟ್ಕೋತೀನಿ. ನೀನು ಮಾಡ್ದಾಗ ನಿಲ್ಸಿ ಎತ್ತುತೀನಿ. ಆಯ್ತಾ?"

"ಆಯ್ತು."

"ದಿನಾ ಒಂದೇ ಸಲ ಮಾಡ್ಬೇಕು."

"ಎರಡು ಸಲ, ಅತ್ತೆ."

"ಸರಿ, ಎರಡು."

ಊಟದ ಬಿಡುವು ಮುಗಿದು ಕೆಲಸಕ್ಕೆ ಮರಳಲು ಅವಳಿಗೆ ಇನ್ನೂ ಅರ್ಧ ಗಂಟೆಯಿತ್ತು. ಅತ್ತೆ ಕುರ್ಚಿಯಲ್ಲಿ ಕೂತು ಲಾರಿ ಹೊರಡಿಸಿದರು. ಹಿಮ ಮಸುಕು ಮಸುಕಾಗಿ ಬೀಳುತ್ತಿತ್ತು. ಅವಳು ನೆಲದ ಮೇಲಿಂದಲೇ ಸ್ವಲ್ಪ ಹೊತ್ತು ಸಾಕೆಟ್ಟನ್ನೂ, ಸ್ವಲ್ಪ ಹೊತ್ತು ರಸ್ತೆಯನ್ನೂ ನೋಡುತ್ತ ಕೂತಿದ್ದಳು.